ಅಲ್ಟ್ರಾವೈಡ್ ಮಾನಿಟರ್: ನನ್ನ ಮೆಸೇಜ್ ತಪ್ಪು

ಹೋದ ವಾರ ನಮ್ಮ ಮೈಸೂರಿನ ಪಿಸಿ ಗುಂಪಿಗೆ ನಾನೊಂದು ಮೆಸೇಜ್ ಹಾಕಿದ್ದೆ: "34 ಇಂಚಿನ ಕರ್ವ್ಡ್ ಅಲ್ಟ್ರಾವೈಡ್ ಓಡಿಸೋದು 4ಕೆಗಿಂತ ಭಾರ, ಪರದೆ ಬಾಗಿರೋದರಿಂದ ಕಾರ್ಡ್‌ಗೆ ಹೊರೆ ಇನ್ನೂ ಜಾಸ್ತಿ." (ಅಲ್ಟ್ರಾವೈಡ್ ಅಂದರೆ ಮಾಮೂಲಿಗಿಂತ ಅಗಲವಾದ ಪರದೆ, ಕಾರ್ಡ್ ಅಂದರೆ ಪಿಸಿಯಲ್ಲಿ ಚಿತ್ರ ತಯಾರಿಸೋ ಗ್ರಾಫಿಕ್ಸ್ ಕಾರ್ಡ್.) ಈಗ ಅದು ಮಂಡ್ಯದ ಗುಂಪುಗಳಲ್ಲೂ ಓಡಾಡುತ್ತಿದೆ. ಎರಡೂ ಮಾತು ತಪ್ಪು.

ಕುವೆಂಪುನಗರದ ಗೆಳೆಯರೊಬ್ಬರು ಹಾಲಿನ ಬಿಲ್ಲಿನ ಹಿಂದೆ ಗುಣಾಕಾರ ಮಾಡಿ ಕಳಿಸಿದ ಮೇಲೆ ಗೊತ್ತಾಯಿತು. ಈ ಅಳತೆಯ ಹೆಚ್ಚಿನ ಮಾನಿಟರ್‌ಗಳಲ್ಲಿ 3440 × 1440, ಅಂದರೆ ಸುಮಾರು 49.5 ಲಕ್ಷ ಪಿಕ್ಸೆಲ್ (ಚಿತ್ರದ ಚುಕ್ಕೆ). ಇವು ಜಾಸ್ತಿಯಾದಷ್ಟೂ ಕಾರ್ಡ್‌ಗೆ ಹೊರೆ ಜಾಸ್ತಿ. 4ಕೆಯಲ್ಲಿ 3840 × 2160, ಸುಮಾರು 83 ಲಕ್ಷ. ಅಂದರೆ ಅಲ್ಟ್ರಾವೈಡ್‌ನಲ್ಲಿ ಇರೋದು 4ಕೆಯ ಹತ್ತಿರ ಹತ್ತಿರ 60 ಶೇಕಡಾ ಅಷ್ಟೇ. ಮಾಮೂಲಿ 2560 × 1440 ಪರದೆಗಿಂತ ಮಾತ್ರ ಮೂರನೇ ಒಂದು ಪಾಲು ಜಾಸ್ತಿ. ಹಾಗಾಗಿ ಕಾರ್ಡ್ ನೋಡುವಾಗ ಇವೆರಡರ ನಡುವೆ ಲೆಕ್ಕ ಹಾಕಿ. 49 ಇಂಚಿನ 5120 × 1440 ಬೇಕು ಅನ್ನುವವರ ಕಥೆ ಬೇರೆ. ಅದು 73.7 ಲಕ್ಷ, 4ಕೆಗೆ ಹತ್ತಿರ.

ಬಾಗಿರೋದಕ್ಕೂ ಕಾರ್ಡ್‌ಗೂ ಸಂಬಂಧವೇ ಇಲ್ಲ. 1800ಆರ್ ಅಂದರೆ ಬಾಗಿನ ತ್ರಿಜ್ಯ 1800 ಮಿಲಿಮೀಟರ್. ಅಂಕಿ ಚಿಕ್ಕದಾದಷ್ಟೂ ಬಾಗು ಜಾಸ್ತಿ. ಕಾರ್ಡ್ ಕಳಿಸೋದು ಅದೇ ಚಪ್ಪಟೆ ಚಿತ್ರ.

ನನಗೆ ಪರದೆ ತಡವರಿಸುತ್ತಿದ್ದದ್ದು ಕಾರ್ಡ್‌ನಿಂದ ಅಂದುಕೊಂಡಿದ್ದೆ. ಸೆಟ್ಟಿಂಗ್ಸ್ ತೆಗೆದರೆ ಹಳೇ ಎಚ್‌ಡಿಎಂಐ 1.4 ಪೋರ್ಟ್‌ನಲ್ಲಿ 50 ಹರ್ಟ್ಜ್‌ಗೆ ನಿಂತಿತ್ತು, ಅಂದರೆ ಸೆಕೆಂಡಿಗೆ 50 ಸಲ ಮಾತ್ರ ಚಿತ್ರ ಬದಲಾಗುತ್ತಿತ್ತು! ಡಿಸ್‌ಪ್ಲೇಪೋರ್ಟ್ ಕೇಬಲ್ ಹಾಕಿದೆ, 144 ಬಂತು. ಕಾರ್ಡ್ ಪಾಪ, ಅದೇ.

ದಯವಿಟ್ಟು ಹಳೇ ಮೆಸೇಜ್ ಇನ್ನು ಫಾರ್ವರ್ಡ್ ಮಾಡಬೇಡಿ. ಕಳಿಸಿದ್ದರೆ ಅಳಿಸಿ, ಅದೇ ಗುಂಪಿಗೆ ಇದನ್ನು ಹಾಕಿ.