ಎಲಿವೇಟರ್‌ಗೆ ಪೆಟ್ಟು ಬಿದ್ದಿದೆ, ತಳ್ಳಿದವರು ಮಾತ್ರ ಯಾರೂ ಇಲ್ಲ

ಇವತ್ತು ಬೆಳಗ್ಗೆ ನಮ್ಮ ಫ್ಲೈಯಿಂಗ್ ಸ್ಕೂಲಿನ ಹ್ಯಾಂಗರ್ ಬಾಗಿಲು ತೆಗೆದು ನೋಡಿದ್ರೆ ಸೆಸ್ನಾ 172 ತರಬೇತಿ ವಿಮಾನದ ಬಾಲದಲ್ಲಿ ಮೇಲೆ ಕೆಳಗೆ ಆಡೋ ಎಡ ಎಲಿವೇಟರ್‌ನ ಹಿಂಬದಿ ಅಂಚು ಒಳಕ್ಕೆ ಮಡಚಿಕೊಂಡಿದೆ. ಹಿಂದಿನ ಕಬ್ಬಿಣದ ರ‍್ಯಾಕ್ ಮೂಲೆಗೆ ಅದರದ್ದೇ ಬಿಳಿ ಪೇಂಟು ಅಂಟಿದೆ. ನಿನ್ನೆ ಸಂಜೆ ಯಾರು ತಳ್ಳಿದ್ದು ಅಂತ ಕೇಳಿದ್ರೆ ಎಲ್ಲರ ಬಾಯಲ್ಲೂ ಒಂದೇ ಮಾತು: "ನಾವು ಹಾಕುವಾಗ ಸರಿಯಾಗಿತ್ತು ಸಾರ್."

ಅಷ್ಟರಲ್ಲಿ ಆಫೀಸಿಂದ ಫೋನು. "ಸಣ್ಣ ಡೆಂಟ್ ತಾನೇ? ಸ್ಟೂಡೆಂಟ್ಸ್ ಕಾಯ್ತಿದ್ದಾರೆ, ಬಿಟ್ಟುಬಿಡಿ."

ಬಿಟ್ಟುಬಿಡೋದಾ? ಎಲಿವೇಟರ್ ಅಂದ್ರೆ ಕಾರಿನ ಬಂಪರ್ ಅಲ್ಲ. ಮೂಗು ಮೇಲೆತ್ತೋದು, ಕೆಳಗಿಳಿಸೋದು ಎಲ್ಲ ಅದರಿಂದಲೇ. ತೆಳ್ಳಗಿನ ಅಲ್ಯೂಮಿನಿಯಂ ತಗಡು, ಹಿಂಜ್‌ನ ಮುಂದೆ ತೂಕ ಕೊಟ್ಟು ಲೆಕ್ಕ ಹಾಕಿ ಬ್ಯಾಲೆನ್ಸ್ ಮಾಡಿರ್ತಾರೆ. ಆ ಬ್ಯಾಲೆನ್ಸ್ ತಪ್ಪಿದ್ರೆ ವೇಗದಲ್ಲಿ ಅದು ಪಟಪಟ ಅಂತ ನಡುಗೋಕೆ ಶುರು ಮಾಡಬಹುದು. ಅದಕ್ಕೆ ಫ್ಲಟರ್ ಅಂತಾರೆ. ಒಮ್ಮೆ ಶುರುವಾದ್ರೆ ಬಾಲ ಕಿತ್ತುಕೊಂಡು ಹೋಗೋಕೆ ಹೆಚ್ಚು ಹೊತ್ತು ಬೇಡ. ಒಳಗೆ ಕೂತಿರೋದು ಬ್ಯಾಂಕ್ ಸಾಲ ಮಾಡಿ ಸಿಪಿಎಲ್‌ಗೆ (ಕಮರ್ಷಿಯಲ್ ಪೈಲಟ್ ಲೈಸೆನ್ಸ್) ಬೇಕಾದ 200 ಗಂಟೆ ಹಾರಾಟ ತುಂಬಿಸೋಕೆ ಬಂದಿರೋ ಮಕ್ಕಳು. ಹಾರಬಹುದು ಅಂತ ಲಾಗ್‌ಬುಕ್‌ನಲ್ಲಿ ಸಹಿ ಹಾಕಬೇಕಾದ ಎಂಜಿನಿಯರ್ ನಾನು.

ವಿಮಾನ ತಳ್ಳಿದ ಹುಡುಗರ ಮೇಲೆ ನನಗೆ ಕೋಪ ಇಲ್ಲ. ಹಗಲೆಲ್ಲ ಗೇಟು ಕಾಯೋ ಇಬ್ಬರನ್ನ ಸಂಜೆ ಕರೆದು "ವಿಮಾನ ಒಳಗೆ ಹಾಕ್ರೋ" ಅಂದ್ರೆ ಅವರು ತಮಗೆ ತಿಳಿದ ಹಾಗೆ ತಳ್ತಾರೆ. ಎಲ್ಲಿ ಕೈ ಇಡಬೇಕು, ಎಲ್ಲಿ ಇಡಬಾರದು ಅಂತ ಅವರಿಗೆ ಹೇಳಿಕೊಟ್ಟವರು ಯಾರು? ಒಬ್ಬ ಪ್ರೊಪೆಲ್ಲರ್ ನಡುವೆ ಟೋಪಿ ಥರ ಇರೋ ಸ್ಪಿನ್ನರ್‌ಗೆ ಅಂಗೈ ಒತ್ತಿ ತಳ್ತಾನೆ, ಇನ್ನೊಬ್ಬ ಬಾಲದ ಅಡ್ಡ ರೆಕ್ಕೆ, ಅಂದ್ರೆ ಸ್ಟೆಬಿಲೈಸರ್ ತುದಿ ಹಿಡಿದು ಜಗ್ತಾನೆ. ಪ್ರೊಪೆಲ್ಲರ್ ಹಿಡಿದು ಎಳೆಯೋದಂತೂ ನೋಡಿದ್ರೇ ಎದೆ ಝಲ್ಲನ್ನುತ್ತೆ. ಕೀ ತೆಗೆದಿದ್ರೂ ಎಂಜಿನ್‌ಗೆ ಕಿಡಿ ಕೊಡೋ ಮ್ಯಾಗ್ನೆಟೋದ ಅರ್ಥ್ ವೈರ್ ಒಂದು ತುಂಡಾಗಿದ್ರೆ, ಕೈಯಲ್ಲಿ ತಿರುಗಿಸಿದಷ್ಟಕ್ಕೇ ಎಂಜಿನ್ ಹೊಡೆದುಕೊಳ್ಳಬಹುದು. ಆಮೇಲೆ ಕೈ ಎಲ್ಲಿ ಹುಡುಕೋದು?

ಇದಕ್ಕೆ ದೊಡ್ಡ ವಿದ್ಯೆ ಏನೂ ಬೇಡ. ಟೋ ಬಾರ್ ಅನ್ನೋ ಎಳೆಯೋ ಸಲಾಕೆನ ಮೂಗಿನ ಚಕ್ರಕ್ಕೆ ಹಾಕಿ ಒಬ್ಬ ದಾರಿ ಹಿಡೀಬೇಕು. ಸೆಸ್ನಾ ಮ್ಯಾನ್ಯುಯಲ್ ಸ್ಪಷ್ಟವಾಗಿ ಹೇಳುತ್ತೆ: ನಡುವಿನಿಂದ ಎರಡೂ ಕಡೆ 30 ಡಿಗ್ರಿ, ಅದಕ್ಕಿಂತ ಹೆಚ್ಚು ತಿರುಗಿಸಿದ್ರೆ ಮೂಗಿನ ಗೇರ್ ಹಾಳು. ರೆಕ್ಕೆ 36 ಅಡಿ, ಆದ್ದರಿಂದ ಎರಡೂ ತುದಿಗೆ ಒಬ್ಬೊಬ್ಬ. ಬಾಲದ ಹತ್ತಿರ ಇನ್ನೊಬ್ಬ. ಯಾರು "ನಿಲ್ಸಿ" ಅಂದ್ರೂ ಎಲ್ಲರೂ ನಿಲ್ಲಿಸಬೇಕು, ಅಷ್ಟೇ.

ನಮ್ಮಲ್ಲಿ ಇಬ್ಬರು. ಆ ಇಬ್ಬರೂ ಮುಂದೆ ನಿಂತು ತಳ್ತಿದ್ರೆ ಹಿಂದೆ ನೋಡೋರು ಯಾರು?

ಈ ಪೆಟ್ಟು ಹೇಗೆ ಬಿತ್ತು ಅಂತ ರ‍್ಯಾಕ್ ನೋಡಿದ್ರೇ ಗೊತ್ತಾಗುತ್ತೆ. ಬಾಲ ಮೊದಲು ಒಳಗೆ ಹೋಗುತ್ತೆ. ಎರಡೂ ದೊಡ್ಡ ಚಕ್ರ ಬಾಗಿಲ ಹಳಿ ದಾಟುತ್ತವೆ, ಮೂಗಿನ ಚಕ್ರ ಹಳಿಗೆ ಬಂದು ನಿಲ್ಲುತ್ತೆ. ಆಗ ಇಬ್ಬರೂ ಹೆಗಲು ಕೊಟ್ಟು ಜೋರಾಗಿ ದಬ್ತಾರೆ. ಚಕ್ರ ಹಳಿ ಹಾರಿದ ತಕ್ಷಣ ಸುಮಾರು 750 ಕಿಲೋ ಭಾರ ತಾನಾಗೇ ಹಿಂದಕ್ಕೆ ಓಡುತ್ತೆ. ಕಾಕ್‌ಪಿಟ್‌ನಲ್ಲಿ ಬ್ರೇಕ್ ತುಳಿಯೋರಿಲ್ಲ. ನಮ್ಮ ಹ್ಯಾಂಗರ್‌ನ ಆಳವೂ ಕಡಿಮೆ, ವಿಮಾನವೇ 27 ಅಡಿ ಉದ್ದ. ರ‍್ಯಾಕ್‌ಗೆ ಬಡಿಯದೆ ಇನ್ನೇನಾಗುತ್ತೆ?

ಏಪ್ರಿಲ್, ಮೇ ಸಂಜೆಗಳದ್ದು ಇನ್ನೂ ಕೆಟ್ಟ ಕಥೆ. ಮೋಡ ಕಪ್ಪಾಗಿ ಗಾಳಿ ಎದ್ದ ಕೂಡಲೇ ಎಲ್ಲಾ ವಿಮಾನನೂ ಒಂದೇ ಸಲ ಒಳಗೆ ಹೋಗಬೇಕು, ಬೇಗ ಬೇಗ. ಆಲಿಕಲ್ಲು ಬಿದ್ದೀತು ಅನ್ನೋ ಭಯ ಸರಿಯೇ. ಆದರೆ ಗಾಳಿ ಬಾಲಕ್ಕೆ ಹೊಡೆದ್ರೆ ವಿಮಾನ ಗರಕ್ಕನೆ ತಿರುಗುತ್ತೆ, ಇಬ್ಬರ ಕೈಲಿ ಹಿಡಿಯೋಕೆ ಆಗಲ್ಲ. ಪಕ್ಕದ ಪೈಪರ್ ವಿಮಾನದ ರೆಕ್ಕೆ ತುದಿಯ ಲೈಟು ಒಡೆದಿದ್ದು ಅಂಥದ್ದೇ ಸಂಜೆ. ಆಗಲೂ ಒಪ್ಪಿಕೊಂಡವರು ಯಾರೂ ಇಲ್ಲ.

ಈಗ ಎಲಿವೇಟರ್ ಬಿಚ್ಚಬೇಕು, ರಿಪೇರಿ ಮಾಡಿ, ಪೇಂಟ್ ಹೊಡೆದು, ಮತ್ತೆ ಬ್ಯಾಲೆನ್ಸ್ ಮಾಡಿ ನೋಡಬೇಕು. ಆಗಲಿಲ್ಲ ಅಂದ್ರೆ ಹೊಸದು ತರಿಸಬೇಕು. ಅಲ್ಲಿವರೆಗೂ ವಿಮಾನ ನೆಲದ ಮೇಲೆ, ಸ್ಟೂಡೆಂಟ್ಸ್ ಹಾಸ್ಟೆಲ್‌ನಲ್ಲಿ, ಬಡ್ಡಿ ಅವರ ಅಪ್ಪಂದಿರ ತಲೆ ಮೇಲೆ. "ಎಂಜಿನಿಯರ್ ಗ್ರೌಂಡ್ ಮಾಡಿಬಿಟ್ರು" ಅನ್ನೋ ಬೈಗುಳ ನನಗೆ.

ನಾನು ಕೇಳಿದ್ದೇನು? ಸಂಜೆ ಹೊತ್ತಿಗೆ ಇನ್ನಿಬ್ಬರು ಕೆಲಸದವರು. ಪ್ರತಿ ಚಕ್ರ ಎಲ್ಲಿ ಬರಬೇಕು ಅಂತ ನೆಲದ ಮೇಲೆ ಹಳದಿ ಗೆರೆ. ದೊಡ್ಡ ಚಕ್ರ ನಿಲ್ಲೋ ಜಾಗದ ಹಿಂದೆ ನೆಲಕ್ಕೆ ಬೋಲ್ಟ್ ಮಾಡಿದ ಒಂದು ಮರದ ದಿಮ್ಮಿ. ರೆಕ್ಕೆ ಕಾಯೋರಿಗೆ ಒಂದೊಂದು ಸೀಟಿ. ಆ ರ‍್ಯಾಕ್ ಅಲ್ಲಿಂದ ತೆಗೆಯೋದು. ಎಲ್ಲ ಸೇರಿಸಿದ್ರೂ ಒಂದು ಎಲಿವೇಟರ್ ಖರ್ಚಿನ ಹತ್ತಿರಕ್ಕೂ ಬರಲ್ಲ. "ಬಜೆಟ್ ಇಲ್ಲ" ಅಂದ್ರು. ರಿಸೆಪ್ಷನ್‌ಗೆ ಹೊಸ ಸೋಫಾ ಬಂತು.

ಇವತ್ತು ಮಧ್ಯಾಹ್ನ ಬರೆದು ಕೊಟ್ಟಿದ್ದೀನಿ. ನಾಲ್ಕು ಜನ ಇಲ್ಲದೆ ತಳ್ಳಿದ ವಿಮಾನಕ್ಕೆ ಮಾರನೇ ದಿನ ಬಾಲದಿಂದ ಮೂಗಿನವರೆಗೆ ಪೂರ್ತಿ ತಪಾಸಣೆ ಮಾಡ್ತೀನಿ, ಎಷ್ಟೇ ಹೊತ್ತಾಗಲಿ, ಅದು ಮುಗಿಯೋವರೆಗೂ ಸಹಿ ಇಲ್ಲ. ಮೊದಲ ಸಾರ್ಟಿ (ಹಾರಾಟ) ಕ್ಯಾನ್ಸಲ್ ಆದ್ರೆ ಆಫೀಸಿನವರೇ ಸ್ಟೂಡೆಂಟ್ಸ್‌ಗೆ ಉತ್ತರ ಹೇಳಲಿ.