ಭಾರ ಎತ್ತಿದರೆ ಸೊಂಟ ದಪ್ಪ ಆಗತ್ತಂತೆ!

ಇವತ್ತು ಬೆಳಿಗ್ಗೆ ಜಿಮ್ಮಿನಲ್ಲಿ ಕಷ್ಟಪಟ್ಟು ಬಾಯಿ ಮುಚ್ಚಿಕೊಂಡು ಬಂದಿದ್ದೇನೆ. ಅದೆಲ್ಲ ಈಗ ಇಲ್ಲಿ ಹೊರಗೆ ಬರುತ್ತಿದೆ. ಉದ್ದ ಇದೆ, ಪುರುಸೊತ್ತಿದ್ದವರು ಓದಿ.

ಹೊಸದಾಗಿ ಸೇರಿದ ಹುಡುಗಿ ಒಬ್ಬಳು, ನಾನು ಡೆಡ್‌ಲಿಫ್ಟ್ (ನೆಲದ ಮೇಲಿನ ಭಾರದ ಬಾರ್‌ಬೆಲ್ ಹಿಡಿದೆತ್ತಿ ನೆಟ್ಟಗೆ ನಿಲ್ಲುವುದು) ಮಾಡುವುದನ್ನು ನೋಡಿ ತನಗೂ ಕಲಿಸಿ ಅಂತ ಟ್ರೈನರ್ ಹತ್ತಿರ ಹೋದಳು. ಆ ಮಹಾಶಯ ಹೇಳಿದ್ದು ಇಷ್ಟು: "ಬೇಡ ಮೇಡಂ, ಹೆವಿ ಎತ್ತಿದ್ರೆ ಸೊಂಟ ದಪ್ಪ ಆಗ್ಬಿಡತ್ತೆ. ಶೇಪ್ ಹೋಗತ್ತೆ. ನಿಮಗೆ ಸೈಡ್ ಬೆಂಡ್ ಹೇಳ್ಕೊಡ್ತೀನಿ." ಹೇಳುತ್ತಲೇ ಒಂದು ಸಲ ನನ್ನ ಕಡೆ ಕಣ್ಣು ಹಾಯಿಸಿದ. ಬೇಕಾದ್ರೆ ಆ ಆಂಟಿನ ನೋಡಿ ಅನ್ನೋ ಥರ. ಆಮೇಲೆ ಅವಳ ಕೈಗೆ ಗುಲಾಬಿ ಬಣ್ಣದ ಪುಟ್ಟ ಡಂಬೆಲ್ ಬಂತು. ಎಡಕ್ಕೆ ಬಾಗು, ಬಲಕ್ಕೆ ಬಾಗು. ಅದು ಮುಗಿದ ಮೇಲೆ ಹೆಗಲ ಮೇಲೆ ಕೋಲು ಇಟ್ಟುಕೊಂಡು ಸೊಂಟ ತಿರುಗಿಸು.

ತಮಾಷೆ ಏನು ಗೊತ್ತಾ? ಸೊಂಟದ ಎರಡೂ ಪಕ್ಕದಲ್ಲಿರುವ ಸ್ನಾಯುಗಳಿಗೆ ನೇರವಾಗಿ ಕೆಲಸ ಕೊಡುವ ವ್ಯಾಯಾಮವೇ ಸೈಡ್ ಬೆಂಡ್. ಯಾವುದಾದರೂ ವ್ಯಾಯಾಮದಿಂದ ಸೊಂಟ ಅಗಲ ಆಗುವುದಾದರೆ, ಕೈಯಲ್ಲಿ ಒಳ್ಳೆ ತೂಕ ಹಿಡಿದು ಅದನ್ನು ಮಾಡಿದರೆ ಆಗಬೇಕು! ಪುಟ್ಟ ಡಂಬೆಲ್ಲಿನಿಂದ ಅದೂ ಆಗುವುದಿಲ್ಲ, ಬಿಡಿ. ಕೊಬ್ಬೂ ಕರಗುವುದಿಲ್ಲ. ನಾವು ಯಾವ ಜಾಗ ಅಲ್ಲಾಡಿಸುತ್ತೇವೋ ಅಲ್ಲಿಂದಲೇ ಕೊಬ್ಬು ತೆಗೆಯುವ ವ್ಯವಸ್ಥೆ ನಮ್ಮ ಮೈಯಲ್ಲಿ ಇಲ್ಲ. ಅದು ಎಲ್ಲ ಕಡೆಯಿಂದ ತನ್ನಿಷ್ಟದ ಪ್ರಕಾರ ಇಳಿಯುತ್ತದೆ. ಹೊಟ್ಟೆಯದ್ದು ಎಷ್ಟೋ ಜನರಿಗೆ ಕೊನೆಗೆ.

ಸೊಂಟದ ಸುತ್ತಳತೆ ಅಂದರೆ ಏನು? ಮೊದಲು ಮೂಳೆ. ಪಕ್ಕೆಲುಬಿನ ಗೂಡು ಎಷ್ಟು ಅಗಲ, ಕೆಳಗಿನ ಸೊಂಟದ ಮೂಳೆ ಎಷ್ಟು ಅಗಲ, ಇವೆರಡರ ನಡುವೆ ಜಾಗ ಎಷ್ಟು. ಅದು ಅಪ್ಪ ಅಮ್ಮ ಕೊಟ್ಟಿದ್ದು, ಯಾವ ಟ್ರೈನರ್ ಕೈಯಲ್ಲೂ ಇಲ್ಲ. ಎರಡನೆಯದು ಕೊಬ್ಬು. ಚರ್ಮದ ಕೆಳಗಿನದು, ಮತ್ತೆ ಕರುಳು, ಲಿವರ್ ಸುತ್ತ ಕೂತಿರುವುದು. ಸ್ನಾಯು ಬರುವುದು ಆಮೇಲೆ. ಡೆಡ್‌ಲಿಫ್ಟ್, ಸ್ಕ್ವಾಟ್ (ಭಾರ ಹೊತ್ತು ಬಸ್ಕಿ) ಮಾಡುವಾಗ ಉಸಿರು ತುಂಬಿಕೊಂಡು ಹೊಟ್ಟೆ ಬಿಗಿ ಹಿಡಿಯುತ್ತೇವಲ್ಲ, ಆಗ ಹೊಟ್ಟೆಯ ಸ್ನಾಯುಗಳ ಕೆಲಸ ಬೆನ್ನೆಲುಬು ಅಲುಗದ ಹಾಗೆ ನೋಡಿಕೊಳ್ಳುವುದು. ಅವು ಗಟ್ಟಿಯಾಗುತ್ತವೆ, ನಿಜ. ಆದರೆ ಅಲ್ಲಾಡದೆ ಹಿಡಿದು ನಿಲ್ಲುವ ಸ್ನಾಯು, ತೊಡೆ ಮತ್ತು ಹಿಂಭಾಗ ಬೆಳೆಯುವ ಹಾಗೆ ಬೆಳೆಯುವುದಿಲ್ಲ.

ವೇಟ್‌ಲಿಫ್ಟರ್ ಮೀರಾಬಾಯಿ ಚಾನು 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದಿದ್ದು 49 ಕೆಜಿ ವಿಭಾಗದಲ್ಲಿ. ಕ್ಲೀನ್ ಅಂಡ್ ಜರ್ಕ್‌ನಲ್ಲಿ, ಅಂದರೆ ಮೊದಲು ಭುಜಕ್ಕೆ, ಅಲ್ಲಿಂದ ಮೇಲಕ್ಕೆ ಎತ್ತುವುದರಲ್ಲಿ, ತಲೆ ಮೇಲೆ ಎತ್ತಿದ್ದು 115 ಕೆಜಿ. ತನ್ನ ತೂಕದ ಎರಡು ಪಟ್ಟಿಗೂ ಜಾಸ್ತಿ! ವರ್ಷಗಟ್ಟಲೆ ಅಂಥ ಭಾರ ಎತ್ತಿದ ಹೆಣ್ಣುಮಗಳು 49 ಕೆಜಿಯಲ್ಲೇ ಇದ್ದಳಲ್ಲ, ದಪ್ಪ ಆಗುವುದು ಎಲ್ಲಿ ಹೋಯಿತು? ನಮ್ಮ ಕುಂದಾಪುರ ಕಡೆಯ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕೂಟದಲ್ಲಿ 56 ಕೆಜಿ ವಿಭಾಗದಲ್ಲಿ ಒಟ್ಟು 249 ಕೆಜಿ ಎತ್ತಿ ಬೆಳ್ಳಿ ತಂದರು. ಶಕ್ತಿ ಬರಲು ಮೈ ಊದಬೇಕಾಗಿಲ್ಲ. ಇರುವ ಸ್ನಾಯುವನ್ನೇ ಪೂರ್ತಿ ದುಡಿಸಲು ನರಗಳು ಕಲಿಯುತ್ತವೆ. ಹೊಸಬರಿಗೆ ಮೊದಲ ಕೆಲವು ವಾರ ಶಕ್ತಿ ಏರುವುದು ಮುಖ್ಯವಾಗಿ ಹೀಗೇ. ಇಷ್ಟಕ್ಕೂ ಸ್ನಾಯು ಉಬ್ಬಿಸುವುದರಲ್ಲಿ ದೊಡ್ಡ ಪಾತ್ರ ಇರುವ ಟೆಸ್ಟೋಸ್ಟೆರಾನ್ ಹಾರ್ಮೋನು ಹೆಂಗಸರಲ್ಲಿ ಗಂಡಸರ ಹತ್ತನೇ ಒಂದು ಭಾಗವೂ ಇರುವುದಿಲ್ಲ.

"ಹಾಗಾದ್ರೆ ಪೈಲ್ವಾನರ ಹೊಟ್ಟೆ?" ಅಂತ ನನ್ನ ತಮ್ಮ ಫೋನಿನಲ್ಲೇ ಕೇಳಿದ. ಕೇಳುತ್ತಾನೆ ಅಂತ ಗೊತ್ತಿತ್ತು. ನಾವು ಬೆಳೆದಿದ್ದು ಮೈಸೂರಿನಲ್ಲಿ, ಗರಡಿ ಮನೆ, ದಸರಾ ಕುಸ್ತಿ ಎಲ್ಲ ನೋಡಿಕೊಂಡೇ. ಅಲ್ಲಪ್ಪಾ, ಪೈಲ್ವಾನರ ಹಾಲು, ತುಪ್ಪ, ಬಾದಾಮಿ ಲೆಕ್ಕ ಬಿಟ್ಟು ಬರೀ ಬಸ್ಕಿ, ದಂಡ ಹಿಡಿದುಕೊಂಡರೆ ಹೇಗೆ? ಟಿವಿಯಲ್ಲಿ ಕಾಣುವ ಗುಡಾಣದಂಥ ಹೊಟ್ಟೆಯ ವೇಟ್‌ಲಿಫ್ಟರ್‌ಗಳೂ ಅಷ್ಟೇ. ಅವರು ಅತಿ ಭಾರದ ವಿಭಾಗದವರು. ಅಲ್ಲಿ ತೂಕಕ್ಕೆ ಮೇಲಿನ ಮಿತಿ ಇಲ್ಲ, ಹಾಗಾಗಿ ಬೇಕೆಂದೇ ತಿಂದು ತೂಕ ಏರಿಸಿಕೊಳ್ಳುತ್ತಾರೆ. ಹೊಟ್ಟೆ ಬಂದಿದ್ದು ತಟ್ಟೆಯಿಂದ, ಬಾರ್‌ಬೆಲ್‌ನಿಂದ ಅಲ್ಲ. ತೀರಾ ತೆಳ್ಳಗಿರುವವರಿಗೆ ವರ್ಷಾನುಗಟ್ಟಲೆ ಎತ್ತಿದರೆ ಸೊಂಟದಲ್ಲಿ ಒಂಚೂರು ಸ್ನಾಯು ಸೇರಬಹುದು, ಒಪ್ಪುತ್ತೇನೆ. ಆ ಒಂಚೂರಿಗೆ ಹೆದರಿ ಕೂರುವುದಾ?

ಇನ್ನು ನಮ್ಮ ಮನೆಗಳಲ್ಲೇ ನೋಡಿ. ಗ್ಯಾಸ್ ಸಿಲಿಂಡರಿನಲ್ಲಿ 14.2 ಕೆಜಿ ಗ್ಯಾಸ್, ಖಾಲಿ ಸಿಲಿಂಡರಿನ ತೂಕವೂ ಹೆಚ್ಚು ಕಮ್ಮಿ ಅಷ್ಟೇ. ಅದನ್ನು ಹೊಸಿಲು ದಾಟಿಸಿ ಅಡುಗೆಮನೆಗೆ ಒಯ್ಯುವಾಗ "ಬೇಡ ಕಣೆ, ಸೊಂಟ ದಪ್ಪ ಆಗತ್ತೆ" ಅಂತ ಯಾವ ಗಂಡನಾದರೂ ಅಡ್ಡ ಬಂದಿದ್ದಾನಾ? (ನನ್ನ ಗಂಡ ಇದನ್ನು ಓದುತ್ತಾರೆ. ಓದಲಿ.)

ಯಾರಾದರೂ ಕೇಳಿದರೆ ನಾನು ಮೂಳೆ ಗಟ್ಟಿ ಇರಲಿ ಅಂತ ಎತ್ತುತ್ತೇನೆ ಅನ್ನುತ್ತೇನೆ. ಅದು ಅರ್ಧ ನಿಜ. ಇನ್ನರ್ಧ, ಚೆನ್ನಾಗಿ ಕಾಣಬೇಕು. ಬಾಗಿಲು ಹಾಕಿಕೊಂಡು ಕನ್ನಡಿ ಮುಂದೆ ಟೇಪು ಹಿಡಿಯುವವಳು ನಾನೇ. ಉಸಿರು ಎಳೆದುಕೊಂಡು ಅಳೆದರೆ ಕಡಿಮೆ ಬರುತ್ತದೆ, ಅದೂ ಗೊತ್ತು. ಸರಿಯಾದ ಕ್ರಮ ಅಂದರೆ ಉಸಿರು ಸಹಜವಾಗಿ ಹೊರಗೆ ಬಿಟ್ಟು, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪು ಸುತ್ತಬೇಕು. ನಮ್ಮ ಕಡೆಯ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ದಾಟಿದರೆ ಸಕ್ಕರೆ ಕಾಯಿಲೆ, ಹೃದಯದ ತೊಂದರೆಗೆ ದಾರಿ ಅನ್ನುತ್ತಾರೆ. ದೇಶಾದ್ಯಂತ ನಡೆದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸಮೀಕ್ಷೆಯೊಂದರ ವರದಿ 2023ರಲ್ಲಿ ಬಂತು. ಅದರ ಪ್ರಕಾರ 39.5 ಶೇಕಡಾ ಜನರಿಗೆ ಹೊಟ್ಟೆಯ ಬೊಜ್ಜು ಇದೆ. ಇವರೆಲ್ಲ ಡೆಡ್‌ಲಿಫ್ಟ್ ಮಾಡಿ ಹೀಗಾದರಾ ಟ್ರೈನರ್ ಸಾಹೇಬರೇ?

ನನ್ನ ವಿಷಯದಲ್ಲಿ ತೂಕದ ಯಂತ್ರ ಜಾಸ್ತಿ ಅಲುಗಲೇ ಇಲ್ಲ. ಅಷ್ಟೇ ತೂಕದ ಕೊಬ್ಬಿಗಿಂತ ಸ್ನಾಯು ಕಡಿಮೆ ಜಾಗ ಹಿಡಿಯುತ್ತದೆ, ಅದಕ್ಕೆ ಆ ಯಂತ್ರವನ್ನು ಪೂರ್ತಿ ನಂಬಬಾರದು. ಬೆನ್ನು, ಭುಜ ಅಗಲ ಆದಾಗ ಸೊಂಟ ಇನ್ನೂ ಸಣ್ಣ ಕಾಣುತ್ತದೆ. ಕೊನೆಗೆ ಉಳಿದಿದ್ದು ಬ್ಲೌಸಿನ ಸಮಸ್ಯೆ ಒಂದೇ. ಸೊಂಟದಲ್ಲಿ ಸಡಿಲ, ಬೆನ್ನಲ್ಲಿ ಬಿಗಿ, ತೋಳು ಮೊಣಕೈ ಮೇಲೆ ಹತ್ತುವುದೇ ಇಲ್ಲ. ಟೈಲರ್ ಹಳೆ ಅಳತೆ ಪುಸ್ತಕ ನೋಡಿ, ನನ್ನ ನೋಡಿ, "ಏನ್ ಮೇಡಂ, ಹೊಲ ಉಳ್ತೀರಾ?" ಅಂದರು. ಬರುವ ತಿಂಗಳು ನಾದಿನಿಯ ಮಗಳ ಮದುವೆ, ರೇಷ್ಮೆ ಬ್ಲೌಸುಗಳ ಒಳಗೆ ಬಿಚ್ಚಲು ಬಟ್ಟೆ ಬಿಟ್ಟಿಲ್ಲ. ಕುವೆಂಪುನಗರ, ಸರಸ್ವತಿಪುರಂ ಕಡೆ ತೋಳು ಬದಲಿಸಿ ಹೊಲಿಯುವ ಒಳ್ಳೆ ಟೈಲರ್ ಯಾರಾದರೂ ಗೊತ್ತಿದ್ದರೆ ದಯವಿಟ್ಟು ಇನ್‌ಬಾಕ್ಸ್ ಮಾಡಿ. ವ್ಯಾಯಾಮದ ಸಲಹೆ ಬೇಡ.