ಬಟನ್ ಒತ್ತಿದೆ, ಒತ್ತು ಬರಲಿಲ್ಲ

ನಮ್ಮ ಬಡಾವಣೆಯ ಕನ್ನಡ ಸಂಘಕ್ಕೆ ವೆಬ್‌ಸೈಟ್ ಮಾಡಿಕೊಟ್ಟವನು ನಾನೇ. ಅಷ್ಟು ಮಾಡಿ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಅಧ್ಯಕ್ಷರು "ರಾಜ್ಯೋತ್ಸವಕ್ಕೆ ಎಲ್ಲಾ ಸದಸ್ಯರಿಗೂ ಒಂದೊಂದು ಅಭಿನಂದನಾ ಪತ್ರ ಕೊಡೋಣಪ್ಪ, ಆದ್ರೆ ಅಷ್ಟೊಂದು ಯಾರು ಬರೀತಾರೆ?" ಅಂದಾಗ ನನ್ನ ಬಾಯಿ ಸುಮ್ಮನಿರಲಿಲ್ಲ. "ಹೆಸರೆಲ್ಲ ಡೇಟಾಬೇಸಲ್ಲಿ ಇದೆಯಲ್ಲ ಸಾರ್, ಒಂದು ಬಟನ್ ಒತ್ತಿದರೆ 180 ಪಿಡಿಎಫ್ ಬಂದು ಬೀಳುತ್ತೆ" ಅಂದುಬಿಟ್ಟೆ.

ಬಟನ್ ಒತ್ತಿದೆ. ಪಿಡಿಎಫ್ ಬಂತು. ಮೇಲಿಂದ ಕೆಳಗಿನವರೆಗೂ ಬರೀ ಪ್ರಶ್ನಾರ್ಥಕ ಚಿಹ್ನೆ. ಪಿಡಿಎಫ್ ಮಾಡೋಕೆ ನಾನು ಹಾಕಿದ್ದ ಹಳೇ ಪಿಎಚ್‌ಪಿ ಲೈಬ್ರರಿಗೆ, ಅಂದ್ರೆ ಯಾರೋ ಬರೆದಿಟ್ಟ ಸಿದ್ಧ ಪ್ರೋಗ್ರಾಮಿಗೆ, ಇಂಗ್ಲಿಷ್ ಮತ್ತು ಅದರ ನೆಂಟರಿಷ್ಟರು ಬಿಟ್ಟರೆ ಬೇರೆ ಯಾರ ಪರಿಚಯವೂ ಇರಲಿಲ್ಲ. ಸರಿ, ಯುನಿಕೋಡ್ (ಎಲ್ಲ ಭಾಷೆಯ ಲಿಪಿಗಳಿಗೂ ಸೇರಿದ ಒಂದೇ ಸಂಕೇತ ಪದ್ಧತಿ) ಬಲ್ಲ ಇನ್ನೊಂದು ಲೈಬ್ರರಿ ತಂದು, ಕನ್ನಡ ಫಾಂಟನ್ನೂ ಸೇರಿಸಿ ಮತ್ತೆ ಬಟನ್ ಒತ್ತಿದೆ. ಕನ್ನಡ ಬಂತು, ಒತ್ತು ಬರಲಿಲ್ಲ! ಅಧ್ಯಕ್ಷರು 'ಅಧ್‌ಯಕ್‌ಷರು' ಆಗಿದ್ದರು. ಇನ್ನು ಕೃಷ್ಣಪ್ಪ ಅನ್ನೋ ಹೆಸರು 'ಕೃಷ್‌ಣಪ್‌ಪ', ಥೇಟ್ ಒಂದನೇ ಕ್ಲಾಸಿನ ಹುಡುಗ ಕೂಡಿಸಿಕೊಂಡು ಓದಿದ ಹಾಗೆ.

ಆಮೇಲೆ ಗೊತ್ತಾಯಿತು, ಯುನಿಕೋಡ್‌ನಲ್ಲಿ 'ಕ್ಷ' ಅಂತ ಬೇರೆ ಅಕ್ಷರವೇ ಇಲ್ಲ. ಕ, ಸ್ವರ ಕಳೆಯುವ ಹಲಂತದ ಚಿಹ್ನೆ, ಷ ಅಂತ ಮೂರು ಜನ ಸಾಲಾಗಿ ನಿಂತಿರುತ್ತಾರೆ, ಫಾಂಟ್‌ನೊಳಗಿನ ನಿಯಮ ನೋಡಿ ಅವರನ್ನು ಒಂದುಗೂಡಿಸುವುದು ಬೇರೆಯವರ ಕೆಲಸ. ಕ್ರೋಮ್, ಫೈರ್‌ಫಾಕ್ಸ್‌ಗಳಲ್ಲಿ ಹಾರ್ಫ್‌ಬಜ್ ಅನ್ನೋ ತಂತ್ರಾಂಶ ಅದನ್ನು ಸದ್ದಿಲ್ಲದೆ ಮಾಡುತ್ತದೆ. ಹಾಗಾಗಿ ಪರದೆ ಮೇಲೆ ಎಲ್ಲ ಚೆನ್ನಾಗಿಯೇ ಕಾಣುತ್ತಿತ್ತು. ನನ್ನ ಲೈಬ್ರರಿ ಮಾತ್ರ ಡೇಟಾಬೇಸ್ ಕೊಟ್ಟದ್ದನ್ನು ಕೊಟ್ಟ ಹಾಗೇ ಹಾಳೆ ಮೇಲೆ ಸುರಿಯುತ್ತಿತ್ತು.

ಕೊನೆಗೆ ಕ್ರೋಮ್‌ಗೇ ಶರಣಾದೆ. 2017ರಿಂದ ಅದನ್ನು ಕಿಟಕಿ ತೆರೆಯದೆ ತೆರೆಮರೆಯಲ್ಲೇ ಓಡಿಸಿ ಪುಟವನ್ನು ಪಿಡಿಎಫ್ ಮಾಡಿಸಬಹುದು. ಒತ್ತುಗಳೆಲ್ಲ ಬಂದು ಕೂತವು, ಆದರೆ ಹಳದಿ-ಕೆಂಪು ಅಂಚು ಮಾಯ! ಹಿನ್ನೆಲೆ ಬಣ್ಣ ಬೇಕಿದ್ದರೆ ಬೇರೆಯಾಗಿ ಹೇಳಬೇಕಂತೆ, ಶಾಯಿ ಉಳಿಸೋಕೆ. ರಾಜ್ಯೋತ್ಸವದ ಪತ್ರದಲ್ಲಿ ಬಾವುಟದ ಬಣ್ಣ ಉಳಿಸಿದರೆ ಜನ ನನ್ನನ್ನು ಉಳಿಸ್ತಾರಾ?

ಅದನ್ನೂ ಸರಿ ಮಾಡಿ ಕಳಿಸಿದೆ. ರಾತ್ರಿ ಅಧ್ಯಕ್ಷರ ಫೋನು.

"ಏನಪ್ಪಾ, ವೆಂಕಟಸುಬ್ಬಯ್ಯನವರನ್ನ ವೆಂಕಟಸುಬ್ಬ ಅಂತ ಕರೆದಿದೀಯಲ್ಲ, ಎಂಬತ್ತು ದಾಟಿದವರು!"

ಹೆಸರು ಉದ್ದವಾದರೆ ಸಾಲು ತಪ್ಪುತ್ತೆ ಅಂತ 30ಕ್ಕೆ ಕತ್ತರಿಸು ಅಂದಿದ್ದೆ. ಅದು ಎಣಿಸಿದ್ದು ಅಕ್ಷರ ಅಲ್ಲ, ಬೈಟ್, ಅಂದ್ರೆ ಕಂಪ್ಯೂಟರ್ ಅಕ್ಷರ ತುಂಬಿಡುವ ಪುಟ್ಟ ಅಳತೆ. ಯುನಿಕೋಡನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರ, ಪ್ರತಿ ಗುಣಿತದ ಚಿಹ್ನೆಗೂ ಮೂರು ಮೂರು ಬೈಟ್. ಲೆಕ್ಕ ಹಾಕಿ ನೋಡಿದರೆ 30 ಬೈಟು ಸರಿಯಾಗಿ 'ಸುಬ್ಬ'ಕ್ಕೆ ಮುಗಿಯುತ್ತೆ. ಅಯ್ಯನವರ ಮರ್ಯಾದೆ ಒಂಬತ್ತು ಬೈಟಲ್ಲಿತ್ತು.

ಅಂತೂ ನವೆಂಬರ್ 1ಕ್ಕೆ 181 ಪತ್ರ ಅಚ್ಚಾಗಿ ಬಂದವು. ಸದಸ್ಯರು 180 ಜನ ಅಲ್ವಾ ಅಂತ ಆಗಲೇ ಅನುಮಾನ ಬರಬೇಕಿತ್ತು, ಬರಲಿಲ್ಲ. ಸಂಜೆ ವೇದಿಕೆಯಲ್ಲಿ ಅಧ್ಯಕ್ಷರು ಒಬ್ಬೊಬ್ಬರನ್ನೇ ಕರೆಯುತ್ತಾ ಕರೆಯುತ್ತಾ ಒಂದು ಪತ್ರ ಎತ್ತಿಕೊಂಡು, ಕನ್ನಡಕ ಸರಿ ಮಾಡಿಕೊಂಡು, ಮೈಕಿನಲ್ಲಿ ಗಟ್ಟಿಯಾಗಿ ಓದಿದರು:

"ಶ್ರೀ ಟೆಸ್ಟ್ ಟೆಸ್ಟ್."

ಪರೀಕ್ಷೆ ಮಾಡೋಕೆ ನಾನೇ ಸೇರಿಸಿ ಅಳಿಸೋದು ಮರೆತ ಸದಸ್ಯ. ಯಾರೂ ಎದ್ದು ಬರಲಿಲ್ಲ. ಅವರು ಇನ್ನೊಮ್ಮೆ ಕರೆದರು, "ಟೆಸ್ಟ್ ಟೆಸ್ಟ್!"

ಹಿಂದಿನಿಂದ ಮೈಕ್‌ಸೆಟ್ ಹುಡುಗ ಕೈ ಎತ್ತಿ ಕೂಗಿದ, "ಕೇಳಿಸ್ತಿದೆ ಸಾರ್, ಮುಂದುವರಿಸಿ!"